ನೋವಿಲ್ಲದ ಗಾಯ

ಬೀದರಿನ ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ಹೇಗೆ ಆರಿಸುತ್ತಾರೆ ಗೊತ್ತೆ? ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ! ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿದ ಪಾತ್ರೆಗೆ ಕೊನೆಯಲ್ಲಿ ಈ ಮಣ್ಣು ಮತ್ತು ನವಸಾಗರದ ಸಂಸ್ಕಾರ ಕೊಟ್ಟಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಎಲ್ಲ ಮಣ್ಣೂ ಈ ಕೆಲಸಕ್ಕೆ ಬಾರದು. (ಮಕ್ಕಳು ಇದನ್ನು ಮನೆಯಲ್ಲಿ ಪ್ರಯೋಗಿಸುವುದು ಬೇಡ, ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು.)

ಅವರ ನಾಲಿಗೆ ನಿಮ್ಮ ನಾಲಿಗೆಗಿಂತ ಬೇರೆಯೇನಲ್ಲ. ನಾಲಿಗೆಯ ರುಚಿಮೊಗ್ಗುಗಳು ನರಗಳ ಮೂಲಕ ಮೆದುಳಿಗೆ ಸುದ್ದಿ ಕಳಿಸುತ್ತವೆ, ಅಷ್ಟೆ. ಈ ರುಚಿಯ ಮಣ್ಣು ಒಳ್ಳೆಯ ಕಪ್ಪು ಕೊಟ್ಟಿತು, ಆ ರುಚಿಯದು ಕೊಡಲಿಲ್ಲ ಎಂದು ವರ್ಷಗಟ್ಟಲೆ ನೆನಪಿಟ್ಟು ಹೋಲಿಸುವುದು ಮೆದುಳು. ಭಾಲ್ಕಿ, ಔರಾದ್ ಕಡೆಯ ರೈತರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿತ್ತನೆಯ ಹದ ಹೇಳುವುದೂ, ತಾಯಿ ಮಗುವಿನ ಹಣೆ ಮುಟ್ಟಿ ಜ್ವರವೆನ್ನುವುದೂ ಹೀಗೆಯೇ.

ಆದರೆ ಸುದ್ದಿಯೇ ಬಾರದಿದ್ದರೆ? ಆಗ ಅನುಭವವೇ ದಾರಿ ತಪ್ಪಿಸುತ್ತದೆ. ಮುಳ್ಳು ಚುಚ್ಚಿದರೆ ನೋಯುತ್ತದೆ ಎಂದು ಬಾಲ್ಯದಲ್ಲೇ ಕಲಿತ ನಾವು, ನೋವಿಲ್ಲವೆಂದರೆ ಗಾಯವೂ ಇಲ್ಲ ಎಂದುಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರಗಳು ಮಂಕಾಗುತ್ತವೆ. ಮೊದಮೊದಲು ಜೋಮು, ಉರಿ, ಇರುವೆ ಹರಿದಂತಾಗುವುದು ಉಂಟು. ಕೆಲವರಿಗೆ ಅದೂ ಇರುವುದಿಲ್ಲ. ಹೊಲದಲ್ಲಿ ತೊಗರಿ ಕೂಳೆ ಚುಚ್ಚಿದ್ದು ತಿಳಿಯುವುದಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುವುದಿಲ್ಲ. ಗಾಯ ಕೀವಾಗಿ ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬಂದಿರಬಹುದು.

ಆದ್ದರಿಂದ ಸಕ್ಕರೆ ಕಾಯಿಲೆಯವರು ಪಾದದ ಕೆಲಸವನ್ನು ಕಣ್ಣು, ಕೈಗಳಿಗೆ ವಹಿಸಬೇಕು. ದಿನವೂ ಮಲಗುವ ಮುನ್ನ ಅಂಗಾಲು, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲಾಗದ ಹಿರಿಯರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೆ ಮೊಮ್ಮಕ್ಕಳು ನೋಡಿ ಹೇಳಲಿ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಪಾದದಿಂದಲ್ಲ. ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ. ಬರಿಗಾಲಿನ ನಡಿಗೆ ಮನೆಯೊಳಗೂ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವ ಅಭ್ಯಾಸವನ್ನಂತೂ ಇಂದೇ ಬಿಡಿ. ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಸಣ್ಣದೊಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ. ಎರಡು ನಿಮಿಷದ ಕೆಲಸ, ನೋವೂ ಇಲ್ಲ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ಒಂದು ಮಾತು. ಚರ್ಮದ ಮೇಲೆ ತಿಳಿಬಣ್ಣದ ಅಥವಾ ಕೆಂಪು ಮಚ್ಚೆಯಿದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಅದು ಕುಷ್ಠರೋಗವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. 6 ತಿಂಗಳಿಂದ 1 ವರ್ಷದ ಚಿಕಿತ್ಸೆಯಲ್ಲಿ ರೋಗ ಗುಣವಾಗುತ್ತದೆ.