ಗುರುತಿಲ್ಲದವರ ಉಪಕಾರ

ದಿಲ್ಲಿಯ ಬಸ್ಸುಗಳಲ್ಲಿ ಕಂಡಕ್ಟರರು ಸಾಮಾನ್ಯವಾಗಿ ತಮ್ಮ ಆಸನವನ್ನು ಬಿಟ್ಟೇಳುವುದಿಲ್ಲ. ಬೆಂಗಳೂರಿನಲ್ಲಾದರೆ ಅವರೇ ಜನರ ನಡುವೆ ನುಸುಳಿ ಬಂದು ಟಿಕೆಟು ಕೊಡುವರು. ಇಲ್ಲಿ ಹಣವೇ ಅವರಿದ್ದಲ್ಲಿಗೆ ಪ್ರಯಾಣ ಮಾಡಬೇಕು. ಕಿಕ್ಕಿರಿದ ಬಸ್ಸಿನಲ್ಲಿ ದೂರ ನಿಂತವನೊಬ್ಬನು ಇಪ್ಪತ್ತು ರೂಪಾಯಿಯ ನೋಟನ್ನು ಪಕ್ಕದವನ ಕೈಗಿತ್ತು, ತಾನು ಇಳಿಯುವ ನಿಲ್ದಾಣದ ಹೆಸರನ್ನು ಹೇಳುತ್ತಾನೆ. ನೋಟು ಐದಾರು ಕೈಗಳನ್ನು ದಾಟಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟಿಕೆಟೂ ಚಿಲ್ಲರೆಯೂ ಅದೇ ಹಾದಿಯಲ್ಲಿ ಹಿಂದಿರುಗುತ್ತವೆ. ಆ ಐದಾರು ಮಂದಿಯಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಇದನ್ನು ಉಪಕಾರವೆಂದು ಯಾರೂ ಎಣಿಸುವುದೂ ಇಲ್ಲ.

ಬಂಧುಗಳು ಮಾಡುವ ಉಪಕಾರದಲ್ಲಿ ಬಳಕೆಯಿದೆ, ಋಣವಿದೆ. ನಾಳೆ ಅದು ಹಿಂದಿರುಗೀತೆಂಬ ನಿರೀಕ್ಷೆಯೂ ಇದ್ದೀತು. ಅಪರಿಚಿತನಿಗೆ ಇವು ಯಾವುವೂ ಇಲ್ಲ. ಆದುದರಿಂದ ಮನುಷ್ಯಸ್ವಭಾವದ ವಿಷಯದಲ್ಲಿ ಅವನ ಸಣ್ಣ ನೆರವೇ ಹೆಚ್ಚು ನಂಬತಕ್ಕ ಸಾಕ್ಷಿ. ಊರನ್ನು ಬಿಟ್ಟು ಇಷ್ಟು ದೂರ ಬಂದು ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ಇಂಥ ಸಾಕ್ಷಿಯ ಅಗತ್ಯ ತುಸು ಹೆಚ್ಚೆಂದೇ ಹೇಳಬೇಕು. ಗುರುತಿಲ್ಲದವರು ಕರೆದಲ್ಲಿಗೆ ಹೋಗಬೇಡಿ ಎಂದು ಹಿರಿಯರು ಹೇಳುವುದು ಸರಿಯೇ. ಆ ಎಚ್ಚರವನ್ನು ಬಿಡತಕ್ಕದ್ದಲ್ಲ. ಆದರೆ ಎಚ್ಚರವು ಬೆಳೆದು ಸರ್ವರ ಮೇಲಿನ ಸಂದೇಹವಾದರೆ ನಮ್ಮ ಲೆಕ್ಕವೇ ತಪ್ಪುತ್ತದೆ.

ಹೀಗೆ ತಪ್ಪುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. 40 ದೇಶಗಳ 355 ನಗರಗಳಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕ ಹಣದ ಚೀಲಗಳನ್ನು, ಬೀದಿಯಲ್ಲಿ ಸಿಕ್ಕಿದುವೆಂದು ಹೇಳಿ, ಬ್ಯಾಂಕು, ಅಂಚೆಕಚೇರಿ ಮೊದಲಾದ ಕಡೆಗಳ ಸಿಬ್ಬಂದಿಗೆ ಒಪ್ಪಿಸಲಾಯಿತು. ಹಣವಿಲ್ಲದ ಚೀಲಗಳಲ್ಲಿ ನೂರಕ್ಕೆ 40ರ ಒಡೆಯರಿಗೆ ಸುದ್ದಿ ತಲುಪಿದರೆ, ಹಣವಿದ್ದುವುಗಳಲ್ಲಿ 51ರ ಒಡೆಯರಿಗೆ ತಲುಪಿತು! ಸಾಮಾನ್ಯ ಜನರೂ ಅರ್ಥಶಾಸ್ತ್ರಜ್ಞರೂ ಇದಕ್ಕೆ ವಿರುದ್ಧವಾಗಿ ಊಹಿಸಿದ್ದರು. ಫಲಿತಾಂಶವು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೂ ಅಂಕಿಗಳಿಂದ ನಂಬಿಕೆ ಚಿಗುರುವುದಿಲ್ಲ. ಅದಕ್ಕೆ ಲೋಟವೊಂದು ಕೈಗೆ ಬರಬೇಕು. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ನೀಡುವ ತಾಣವನ್ನು ನಾವು ಅರವಟ್ಟಿಗೆ ಎನ್ನುತ್ತೇವೆ. ರಾಮನವಮಿಯ ಪಾನಕವನ್ನಂತೂ ಎಲ್ಲರೂ ಬಲ್ಲಿರಿ. ದಿಲ್ಲಿಯ ಸಿಖ್ಖರಲ್ಲಿ ಇದಕ್ಕೆ ಛಬೀಲ್ ಎಂದು ಹೆಸರು. 1606ರಲ್ಲಿ ಲಾಹೋರಿನಲ್ಲಿ ಗುರು ಅರ್ಜನದೇವರು ಬಲಿದಾನ ಹೊಂದಿದರು. ಕಡುಬೇಸಗೆಯಲ್ಲಿ ಅವರಿಗೆ ಕಾದ ಮರಳಿನ ಹಿಂಸೆ ಕೊಡಲಾಯಿತೆಂದು ಪರಂಪರೆ ಹೇಳುತ್ತದೆ. ಬೆಂಕಿಯ ನೆನಪಿಗೆ ತಂಪನ್ನು ಹಂಚುವ ಈ ರೀತಿ ನಮಗೆ ಬಹಳ ಹಿರಿದಾಗಿ ತೋರುತ್ತದೆ. ಆ ಸ್ಮರಣೆಯ ದಿನಗಳಲ್ಲಿ ಹುಡುಗರು ಹಾಲು, ಗುಲಾಬಿಯ ಷರಬತ್ತು, ಮಂಜುಗಡ್ಡೆ ಬೆರೆಸಿದ ಸಿಹಿನೀರನ್ನು ಹಿಡಿದು ಬಸ್ಸು ಆಟೋಗಳನ್ನು ತಡೆದು, ಕುಡಿಯಿರೆಂದು ತಾವೇ ಬೇಡಿಕೊಳ್ಳುತ್ತಾರೆ. ಕುಡಿಯುವವನು ಯಾವ ಮತದವನೆಂದು ಕೇಳುವುದಿಲ್ಲ.

ಇದೇ ನಗರದಲ್ಲಿ, 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದ ಬಳಿಕ, ಸಿಖ್ಖರ ಮೇಲೆ ಘೋರ ಹಿಂಸಾಚಾರ ನಡೆಯಿತು. ಸರಕಾರದ ಎಣಿಕೆಯಂತೆಯೇ ದಿಲ್ಲಿಯಲ್ಲಿ 2,733 ಮಂದಿ ಮಡಿದರು. ನೆರೆಮನೆಯವರು ಬಚ್ಚಿಟ್ಟುದರಿಂದ ಉಳಿದವರೂ ಅನೇಕರುಂಟು. ಬೀದಿಯ ಜನರನ್ನು ನಂಬದಿರಲು ಈ ಸಮಾಜಕ್ಕಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು? ಆದರೂ ಆ ಲೋಟಗಳು ಇಂದಿಗೂ ಬೀದಿಯ ಜನರ ಕಡೆಗೇ ಚಾಚುತ್ತವೆ.

2021ರ ಏಪ್ರಿಲ್‌ನಲ್ಲಿ ಕೊರೋನಾ ಸೋಂಕು ಉಲ್ಬಣಿಸಿ, ಆಸ್ಪತ್ರೆಗಳಲ್ಲಿ ಹಾಸಿಗೆಯೂ ಆಮ್ಲಜನಕವೂ ಸಾಲದಾದಾಗ, ಗಾಜಿಯಾಬಾದಿನ ಇಂದಿರಾಪುರದ ಗುರುದ್ವಾರದವರು ರಸ್ತೆಬದಿಯಲ್ಲಿಯೇ ಆಮ್ಲಜನಕದ ಸಿಲಿಂಡರುಗಳನ್ನು ಇಟ್ಟರು. ಅನ್ನದ ಲಂಗರಿನಂತೆ ಅದಕ್ಕೂ ಜನರು ಲಂಗರ್ ಎಂದೇ ಹೆಸರಿಟ್ಟರು. ಕಾರು, ಆಟೋಗಳಲ್ಲಿ ಬಂದ ರೋಗಿಗಳು ಕುಳಿತಲ್ಲಿಯೇ ಉಸಿರಾಡಿದರು, ಹಣ ಕೊಡಬೇಕಾಗಿರಲಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಭಯವಾಗಿದ್ದ ಆ ದಿನಗಳಲ್ಲಿ, ಗುರುತಿಲ್ಲದವರ ಮುಖಕ್ಕೆ ಬಾಗಿ ನಳಿಗೆಯನ್ನು ಸರಿಪಡಿಸುತ್ತಿದ್ದವರು ಸ್ವಯಂಸೇವಕರು.