ಕೆಂಪು ಹಣ್ಣಿನ ‘ಕಡಲ ತಂಗಾಳಿ’

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದ ಮನೆಮನೆಯಲ್ಲಿಯೂ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಅಂದಿನ ಊಟದಲ್ಲಿ ಟರ್ಕಿ ಕೋಳಿಯ ಪಕ್ಕಕ್ಕೆ ಕ್ರ್ಯಾನ್‌ಬೆರಿಯ ಗೊಜ್ಜಿಲ್ಲದಿದ್ದರೆ ಯುಗಾದಿಯಂದು ಬೇವುಬೆಲ್ಲ ತಪ್ಪಿದಂತೆ. 1959ರಲ್ಲಿ ಈ ಹಬ್ಬಕ್ಕೆ ಇನ್ನು ಹದಿನೇಳೇ ದಿನಗಳಿರುವಾಗ, ನವೆಂಬರ್ 9ರಂದು, ಆರೋಗ್ಯ ಮಂತ್ರಿ ಆರ್ಥರ್ ಫ್ಲೆಮಿಂಗ್ ಅವರ ಪ್ರಕಟಣೆಯೊಂದು ಹೊರಬಿದ್ದಿತು. ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಕೆಲವು ಹಣ್ಣುಗಳಲ್ಲಿ ಕಳೆನಾಶಕದ ಅಂಶವಿದೆಯೆಂದೂ, ಆ ವಸ್ತು ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿದೆಯೆಂದೂ ಅದರ ಸಾರ. ಅಂಗಡಿಗಳ ಕಪಾಟುಗಳಿಂದ ಕ್ರ್ಯಾನ್‌ಬೆರಿ ಡಬ್ಬಿಗಳು ಮಾಯವಾದುವು. ದೇಶದ ಇನ್ನೊಂದು ತುದಿಯ ಮ್ಯಾಸಚೂಸೆಟ್ಸ್‌ನ ನಿರಪರಾಧಿ ಬೆಳೆಗಾರನ ಹಣ್ಣನ್ನೂ ಕೊಳ್ಳುವವರಿಲ್ಲದಾಯಿತು. ಮರುವರ್ಷದ ಅಧ್ಯಕ್ಷ ಪದವಿಯ ಮೇಲೆ ಕಣ್ಣಿಟ್ಟಿದ್ದ ನಿಕ್ಸನ್ ವಿಸ್ಕಾನ್ಸಿನ್‌ನಲ್ಲಿ ಗೊಜ್ಜನ್ನು ಚಪ್ಪರಿಸಿ ತಿಂದು, ಕೆನೆಡಿ ರಸವನ್ನು ಕುಡಿದು, ಬೆಳೆಗಾರರಿಗೆ ಧೈರ್ಯ ತುಂಬಿದರು. ಮತದ ಆಸೆಯ ಮುಂದೆ ವಿಷದ ಭಯವೆಷ್ಟರದು!

ಇಂದು ಅನೇಕ ದೇಶಗಳ ಹೋಟೆಲುಗಳಲ್ಲಿ ದೊರೆಯುವ ‘ಸೀ ಬ್ರೀಜ್’ ಎಂಬ ಕೆಂಬಣ್ಣದ ವೋಡ್ಕಾ ಪಾನೀಯದ ಹಿನ್ನೆಲೆಯಲ್ಲಿ ಈ ಸಂಕಟವಿದೆ.

ಕ್ರ್ಯಾನ್‌ಬೆರಿ ಜವುಗು ನೆಲದ ಬಳ್ಳಿ. ಹಣ್ಣು ಕವಳೆಕಾಯಿಯಷ್ಟೇ ಹುಳಿ. ಕೇಪ್ ಕಾಡ್ ಕರಾವಳಿಯ ಹೆನ್ರಿ ಹಾಲ್ ಎಂಬಾತ 1816ರ ಸುಮಾರಿನಲ್ಲಿ, ಗಾಳಿಗೆ ಮರಳು ಹಾರಿ ಬಿದ್ದೆಡೆ ಬಳ್ಳಿ ಹುಲುಸಾಗಿ ಬೆಳೆಯುವುದನ್ನು ಕಂಡು ಕೃಷಿಗೆ ತೊಡಗಿದನಂತೆ. ಇದರ ಕೊಯ್ಲನ್ನು ನೋಡಬೇಕು! ಗದ್ದೆಗೆ ನೀರು ತುಂಬಿ ಬಳ್ಳಿಗಳನ್ನು ಕಲಕಿದರೆ, ಒಳಗೆ ಗಾಳಿಯ ಕೋಶಗಳಿರುವ ಹಣ್ಣುಗಳು ಮೇಲೆ ತೇಲಿ ಕೆರೆಗೆ ಕುಂಕುಮ ಚೆಲ್ಲಿದಂತಾಗುತ್ತದೆ.

ವರ್ಷದ ಜೀವನವೆಲ್ಲ ಒಂದೇ ಹಬ್ಬಕ್ಕೆ ಕಟ್ಟುಬಿದ್ದರೆ ಗತಿಯೇನು? 1930ರಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರಿ ಸಂಸ್ಥೆ ‘ಓಷನ್ ಸ್ಪ್ರೇ’ಗೆ ಈ ಪ್ರಶ್ನೆ ಎದುರಾಯಿತು. ಗೊಜ್ಜು ಹಬ್ಬದ್ದು, ರಸವಾದರೋ ನಿತ್ಯದ್ದು. ಸಕ್ಕರೆ ಬೆರೆಸಿದ ರಸವನ್ನು ಸಂಸ್ಥೆ ಮೊದಲೇ ಮಾರುತ್ತಿದ್ದಿತು. 1960ರ ದಶಕದಲ್ಲಿ ಅದರ ಪ್ರಚಾರಕ್ಕೆ ಟೊಂಕ ಕಟ್ಟಿತು. ಆ ವೇಳೆಗೆ ಅಮೆರಿಕದಲ್ಲಿ ವೋಡ್ಕಾ ಮನೆಮಾತಾಗಿದ್ದಿತು. ತನ್ನದೆಂಬ ರುಚಿಯಾಗಲಿ ಬಣ್ಣವಾಗಲಿ ಹೆಚ್ಚಾಗಿಲ್ಲದ ಈ ಮದ್ಯ ಯಾವ ಹಣ್ಣಿನ ರಸದೊಡನೆಯೂ ಹೊಂದಿಕೊಳ್ಳುತ್ತದೆ. ಬರಿಯ ಕ್ರ್ಯಾನ್‌ಬೆರಿ ರಸದೊಡನೆ ಬೆರೆಸಿದ್ದಕ್ಕೆ ಬೆಳೆಯ ತವರಿನ ನೆನಪಾಗಿ ‘ಕೇಪ್ ಕಾಡರ್’ ಎಂದು ಹೆಸರಾಯಿತು. ‘ಸೀ ಬ್ರೀಜ್’ ಎಂಬ ಹೆಸರು ಮಾತ್ರ ಹಳೆಯದು, ಹಿಂದೆ ಜಿನ್ ಬೆರೆತ ಬೇರೊಂದು ಪಾನೀಯದ್ದು. ಹೆಸರು ಉಳಿದು ಒಳಗಿನ ಸರಕು ಬದಲಾಯಿತು.

ಸಿದ್ಧತೆ ಬಲು ಸುಲಭ. ಎತ್ತರದ ಗಾಜಿನ ಲೋಟಕ್ಕೆ ಮಂಜುಗಡ್ಡೆ ತುಂಬಿ, 40 ಮಿಲಿಲೀಟರ್ ವೋಡ್ಕಾ, 120 ಮಿಲಿಲೀಟರ್ ಕ್ರ್ಯಾನ್‌ಬೆರಿ ರಸ, 30 ಮಿಲಿಲೀಟರ್ ಗ್ರೇಪ್‌ಫ್ರೂಟ್ ರಸ ಸುರಿದು ಮೆಲ್ಲಗೆ ಕದಡಿದರಾಯಿತು. ಗ್ರೇಪ್‌ಫ್ರೂಟೆಂದರೆ ದ್ರಾಕ್ಷಿಯಲ್ಲ, ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು. ಚಕ್ಕೋತ ತಿಂದವರಿಗೆ ಅದರ ನಸುಗಹಿಯನ್ನು ವಿವರಿಸಬೇಕಾಗಿಲ್ಲ. ಅದರ ಬದಲು ಅನಾನಸಿನ ರಸ ಬೆರೆಸಿದರೆ ಅದು ‘ಬೇ ಬ್ರೀಜ್’. ಮದ್ಯ ಒಲ್ಲದವರು ವೋಡ್ಕಾ ಬಿಟ್ಟು ಎರಡು ರಸಗಳನ್ನೇ ಕುಡಿಯಬಹುದು. ಆದರೆ ರಕ್ತದೊತ್ತಡಕ್ಕೋ ಕೊಲೆಸ್ಟರಾಲಿಗೋ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು. ಅಂಥ ಕೆಲವು ಔಷಧಿಗಳ ಪ್ರಭಾವವನ್ನು ಗ್ರೇಪ್‌ಫ್ರೂಟ್ ರಸ ಮಿತಿಮೀರಿ ಹೆಚ್ಚಿಸುತ್ತದೆ.