ಧ್ವನಿಸುರುಳಿಯ ಸಂಕಲನಗಳು

ಸಂಸ್ಕೃತ ಸಾಹಿತ್ಯದಲ್ಲಿ ಸುಭಾಷಿತ ಸಂಗ್ರಹಗಳೆಂಬ ಒಂದು ಜಾತಿಯ ಗ್ರಂಥಗಳಿರುವುದನ್ನು ವಾಚಕ ಮಹಾಶಯರು ಬಲ್ಲರು. ಬಂಗಾಳದ ಜಗದ್ದಲ ವಿಹಾರದವನೆನ್ನಲಾದ ವಿದ್ಯಾಕರನೆಂಬ ಬೌದ್ಧ ಪಂಡಿತನು ಸುಮಾರು ಕ್ರಿ. ಶ. 1100ರ ವೇಳೆಗೆ ತಾನು ಮೆಚ್ಚಿದ ಪದ್ಯಗಳನ್ನು ಆಯ್ದು ‘ಸುಭಾಷಿತರತ್ನಕೋಶ’ವನ್ನು ಕಟ್ಟಿದನು. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನಿಗಾಗಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಮೂಲಗ್ರಂಥಗಳು ಗೆದ್ದಲಿಗೂ ಬೆಂಕಿಗೂ ತುತ್ತಾದ ಮೇಲೆ, ಎಷ್ಟೋ ಕವಿಗಳ ಹತ್ತೆಂಟು ಪದ್ಯಗಳು ಇಂಥ ಸಂಕಲನಗಳಿಂದಲೇ ನಮಗೆ ಉಳಿದುಬಂದಿವೆ. ಮಹಾಕವಿಗೆ ತನ್ನದೇ ಗ್ರಂಥವುಂಟು, ಅದನ್ನು ಪ್ರತಿಮಾಡುವ ಲಿಪಿಕಾರರುಂಟು. ಒಂದೆರಡು ಪದ್ಯಗಳನ್ನು ಮಾತ್ರ ಹೇಳಿದ ಬಡಕವಿಗೆ ಸಂಕಲನಕಾರನೊಬ್ಬನೇ ಗತಿ.

ಈ ಪೀಠಿಕೆಗೆ ಕಾರಣವುಂಟು. ಇಂಥದೇ ಒಂದು ಕಾರ್ಯವು 1980ರಿಂದ ಮುಂದಿನ ನಾಲ್ಕಾರು ವರ್ಷಗಳಲ್ಲಿ, ತಾಳೆಯೋಲೆಯ ಮೇಲಲ್ಲ, ಕ್ಯಾಸೆಟ್ಟೆಂಬ ಪುಟ್ಟ ಡಬ್ಬಿಯೊಳಗಿನ ಕಂದುಬಣ್ಣದ ಪಟ್ಟಿಯ ಮೇಲೆ ನಡೆಯಿತು. ಅದನ್ನು ನಡೆಸಿದವರು ರಾಜರಲ್ಲ, ಪಂಡಿತರಲ್ಲ, ದೊಡ್ಡ ಕಂಪೆನಿಗಳವರೂ ಅಲ್ಲ. ಬಹುಮಟ್ಟಿಗೆ ಕೈಯಲ್ಲಿ ಕಾಸಿಲ್ಲದ ತರುಣರು. ಆ ವೃತ್ತಾಂತವನ್ನು ಸಂಕ್ಷೇಪವಾಗಿ ನಿವೇದಿಸಿ, ಅದರಿಂದ ನಮ್ಮ ಗೃಹಸ್ಥರಿಗೆ ಉಂಟಾಗುವ ಕರ್ತವ್ಯವನ್ನು ಸೂಚಿಸುವುದು ಈ ಲೇಖನದ ಉದ್ದೇಶವು.

ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರು ಲೂ ಓಟೆನ್ಸ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ನಿರ್ಮಿಸಿ, 1963ರಲ್ಲಿ ಬರ್ಲಿನ್ ನಗರದ ರೇಡಿಯೋ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ನಾಲ್ಕು ಮಿಲಿಮೀಟರಿಗಿಂತಲೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಅದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯುತ್ತಿರುವಾಗ ಧ್ವನಿಯ ಏರಿಳಿತಗಳು ಲೇಪದ ಕಣಗಳಲ್ಲಿ ಅಯಸ್ಕಾಂತದ ಗುರುತುಗಳಾಗಿ ನಿಲ್ಲುತ್ತವೆ. ಒಂದೊಂದು ಮಗ್ಗುಲಿಗೆ ಮೂವತ್ತು ನಿಮಿಷಗಳಂತೆ ಒಟ್ಟು ಅರುವತ್ತು ನಿಮಿಷ ಹಿಡಿಯುವ ಕ್ಯಾಸೆಟ್ಟಿನಲ್ಲಿ ಎಂಬತ್ತೈದು ಮೀಟರಿಗೂ ಮೇಲ್ಪಟ್ಟ ಪಟ್ಟಿ ಸುತ್ತಿರುತ್ತದೆ. ಇದರ ಹೆಚ್ಚುಗಾರಿಕೆ ಅಗ್ಗವಾಗಿದ್ದುದರಲ್ಲಿ ಮಾತ್ರವಲ್ಲ. ಗ್ರಾಮಫೋನಿನ ತಟ್ಟೆ ನಮಗೆ ಕೇಳಿಸುವುದೇ ಹೊರತು ನಮ್ಮನ್ನು ಕೇಳಿಸಿಕೊಳ್ಳದು. ಕ್ಯಾಸೆಟ್ಟಾದರೋ ಎರಡನ್ನೂ ಮಾಡಬಲ್ಲುದು. ತಟ್ಟೆಯನ್ನು ಅಚ್ಚುಹಾಕಲು ಕಾರ್ಖಾನೆ ಬೇಕು. ಕ್ಯಾಸೆಟ್ಟಿನ ಪ್ರತಿಮಾಡಲು ಎರಡು ಯಂತ್ರಗಳೂ ಒಂದು ತಂತಿಯೂ ಸಾಕು.

1976-77ರ ಸುಮಾರಿಗೆ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಒರಟು ಸಂಗೀತವೊಂದು ಹಬ್ಬಿತು. ಮೂರು ಸ್ವರಮೇಳಗಳನ್ನು ಕಲಿತವನು ನಾಲ್ಕನೆಯದಕ್ಕೆ ಕಾಯದೆ ವೇದಿಕೆಯೇರಬಹುದೆಂಬುದು ಅದರ ಧೋರಣೆ. ಅದರ ಆವೇಶವು ಇಳಿದನಂತರ ಅದೇ ಧೈರ್ಯವನ್ನು ಉಳಿಸಿಕೊಂಡು ಹೊಸ ನಾದಗಳನ್ನು ಅರಸಿದವರ ಸಂಗೀತಕ್ಕೆ ‘ಪೋಸ್ಟ್-ಪಂಕ್’, ಅಂದರೆ ಪಂಕ್ ಆದಮೇಲಿನದು, ಎಂಬ ಹೆಸರಾಯಿತು. ಇವರಲ್ಲಿ ಕೆಲವರು ಯಂತ್ರಗಳ ಗದ್ದಲವನ್ನೂ ರೇಡಿಯೋದ ಮಾತಿನ ತುಣುಕುಗಳನ್ನೂ ಕತ್ತರಿಸಿ ಜೋಡಿಸಿದ ಟೇಪುಗಳನ್ನೂ ಸಂಗೀತವಾಗಿ ಬಳಸಿದರು. ಇಂಥದನ್ನು ಪ್ರಕಟಿಸಲು ದೊಡ್ಡ ಕಂಪೆನಿಗಳು ಮುಂದೆಬರುವುವೆ? ಆದಕಾರಣ ಅವರು ಕ್ಯಾಸೆಟ್ಟಿಗೆ ಶರಣಾದರು. ಖಾಲಿ ಕ್ಯಾಸೆಟ್ಟನ್ನೂ ಅಂಚೆಯ ವೆಚ್ಚವನ್ನೂ ಕಳುಹಿಸಿದವರಿಗೆ ಹಾಡು ತುಂಬಿ ಹಿಂದಿರುಗಿಸುವ ಪದ್ಧತಿಯೂ ಅಲ್ಲಿ ಬಳಕೆಗೆ ಬಂದಿತು. ಹೊದಿಕೆಯ ಕಾಗದವು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದು. ಅಂಗಡಿ ಎಂಬುದು ಅಂಚೆಯ ಪೆಟ್ಟಿಗೆಯೇ.

ಒಬ್ಬನ ಹಾಡುಗಳು ಅರುವತ್ತು ನಿಮಿಷಗಳನ್ನು ತುಂಬಲಾರವು. ಹತ್ತು ಊರುಗಳ ಇಪ್ಪತ್ತು ಜನರದು ಸೇರಿದರೆ ತುಂಬುವುದು. ಹೀಗೆ ಸಂಕಲನಗಳು ಹುಟ್ಟಿದುವು. ಅಮೆರಿಕದ ವಾಯವ್ಯ ಮೂಲೆಯ ಒಲಿಂಪಿಯಾ ಎಂಬ ಚಿಕ್ಕ ಪಟ್ಟಣದಲ್ಲಿ ಬ್ರೂಸ್ ಪಾವಿಟ್ ಎಂಬ ತರುಣನು 1980ರಲ್ಲಿ ಒಂದು ಕಿರುಪತ್ರಿಕೆಯನ್ನು ಆರಂಭಿಸಿ, ಮುಂದೆ ಅದರ ಐದನೆಯ ಸಂಚಿಕೆಯನ್ನು ಕ್ಯಾಸೆಟ್ಟಿನ ರೂಪದಲ್ಲಿಯೇ ಹೊರತಂದನು. ‘ಸಬ್ ಪಾಪ್’ ಎಂಬ ಆ ಹೆಸರೇ ಮುಂದೆ ಪ್ರಸಿದ್ಧವಾದ ಒಂದು ಸಂಗೀತಸಂಸ್ಥೆಯ ಹೆಸರಾಯಿತು. 1981ರಲ್ಲಿ ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆಯು ‘ರಫ್ ಟ್ರೇಡ್’ ಸಂಸ್ಥೆಯೊಡನೆ ಸೇರಿ ‘ಸಿ-81’ ಎಂಬ ಸಂಕಲನವನ್ನು ಪ್ರಕಟಿಸಿತು. ಓದುಗರು ಪತ್ರಿಕೆಯ ಕೂಪನ್ನನ್ನು ಹಣದೊಡನೆ ಕಳುಹಿಸಿ ಅದನ್ನು ತರಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕಿನಲ್ಲಿ ನೀಲ್ ಕೂಪರ್ ಎಂಬವರ ‘ರೋರ್’ ಸಂಸ್ಥೆಯು ಕ್ಯಾಸೆಟ್ಟುಗಳನ್ನೇ ನೆಚ್ಚಿಕೊಂಡು, 1982ರಲ್ಲಿ ಆ ನಗರದ ತರುಣ ಮೇಳಗಳ ಹಾಡುಗಳನ್ನು ‘ನ್ಯೂಯಾರ್ಕ್ ಥ್ರ್ಯಾಶ್’ ಎಂಬ ಹೆಸರಿನಿಂದ ಒಟ್ಟುಗೂಡಿಸಿತು. 1983ರಲ್ಲಿ ಇಂಗ್ಲೆಂಡಿನ ‘ಥರ್ಡ್ ಮೈಂಡ್’ ಎಂಬ ಸಣ್ಣ ಸಂಸ್ಥೆಯು ಇಂಥ ಪ್ರಯೋಗಶೀಲರನ್ನು ಒಂದೆಡೆ ತಂದು ‘ರೈಸಿಂಗ್ ಫ್ರಮ್ ದಿ ರೆಡ್ ಸ್ಯಾಂಡ್’ ಎಂಬ ಐದು ಕ್ಯಾಸೆಟ್ಟುಗಳ ಮಾಲೆಯನ್ನೇ ಪ್ರಕಟಿಸಿತು.

ಈ ನಾದಗಳು ನಮ್ಮ ಕಿವಿಗೆ ಇಂಪಾದುವೆಂದು ಹೇಳಿದರೆ ಅಸತ್ಯವಾದೀತು. ಇವುಗಳಲ್ಲಿ ಹಲವು ಕರ್ಣಕಠೋರವಾದುವೇ. ಆದರೆ ಸಂಕಲನದ ಬೆಲೆಯನ್ನು ಒಂದೊಂದು ಪದ್ಯದ ಇಂಪಿನಿಂದ ಮಾತ್ರ ಅಳೆಯತಕ್ಕುದಲ್ಲ. ಬೇರಾರೂ ಕಿವಿಗೊಡದಿದ್ದವನಿಗೆ ಅದು ಒಂದು ಸ್ಥಾನವನ್ನು ಕೊಟ್ಟಿತೆ, ಅವನ ಹೆಸರನ್ನು ಉಳಿಸಿತೆ ಎಂಬುದೂ ಒಂದು ಅಳತೆ. ಅದೇ 1981ರಲ್ಲಿ ಬ್ರಿಟನ್ನಿನ ರೆಕಾರ್ಡು ಕಂಪೆನಿಗಳ ಸಂಘವು, ಮನೆಯಲ್ಲಿ ಟೇಪು ಮಾಡಿಕೊಳ್ಳುವುದು ಸಂಗೀತವನ್ನು ಕೊಲ್ಲುತ್ತಿದೆಯೆಂದು ತಲೆಬುರುಡೆಯ ಆಕಾರದ ಕ್ಯಾಸೆಟ್ಟಿನ ಚಿತ್ರವನ್ನು ಹಾಕಿ ಪ್ರಚಾರ ಮಾಡಿತು. ಮಾರಾಟದ ಹಾಡನ್ನು ಹಣಕೊಡದೆ ಪ್ರತಿಮಾಡಿಕೊಳ್ಳುವುದು ನ್ಯಾಯವಲ್ಲವೆಂಬುದು ನಿಜವೇ. ಆದರೆ ಕಂಪೆನಿಗಳು ಬೇಡವೆಂದ ಹಾಡುಗಳನ್ನು ಬದುಕಿಸಿದ್ದು ಕೂಡ ಅದೇ ಮನೆಯ ಟೇಪು ಎಂಬುದನ್ನು ಮರೆಯಲಾಗದು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಬಹುಕಾಲ ಗ್ರಾಮಫೋನ್ ತಟ್ಟೆಗಳ ವ್ಯಾಪಾರವು ಹೆಚ್ಚಾಗಿ ಒಂದೇ ಕಂಪೆನಿಯ ಕೈಯಲ್ಲಿತ್ತು. ಸಿನಿಮಾ ಹಾಡುಗಳಿಗೇ ಅಲ್ಲಿ ಅಗ್ರಪೂಜೆ. ಕೊಲ್ಲಿಯ ದೇಶಗಳಿಗೆ ದುಡಿಯಹೋದವರು ರೇಡಿಯೋ, ಟೇಪು ಎರಡೂ ಕೂಡಿದ ‘ಟು-ಇನ್-ವನ್’ ಯಂತ್ರಗಳನ್ನು ತಂದರು. ಕ್ರಮೇಣ ಅವು ಇಲ್ಲಿಯೂ ಅಗ್ಗವಾದುವು. ಕವಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಗಳು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಮನೆಮನೆಗಳನ್ನು ಸೇರಿತು. ಸಿನಿಮಾದ ಹಂಗಿಲ್ಲದೆಯೂ ಕನ್ನಡದ ಹಾಡು ಮನೆಗಳಲ್ಲಿ ನೆಲೆಯೂರಬಲ್ಲುದೆಂಬುದಕ್ಕೆ ಅದೇ ಸಾಕ್ಷಿಯಾಯಿತು.

ಅಂಗಡಿಯಲ್ಲಿ ಮಾರಿದ ಇಂಥ ಕ್ಯಾಸೆಟ್ಟುಗಳಿಗೆ ಅಚ್ಚಾದ ಹೆಸರುಂಟು. ಪ್ರತಿಗಳು ಎಲ್ಲಿಯಾದರೂ ಸಿಕ್ಕಾವು. ನನ್ನ ಚಿಂತೆಯಿರುವುದು ಅಂಗಡಿಗೆ ಬಾರದ ಕ್ಯಾಸೆಟ್ಟುಗಳ ವಿಷಯದಲ್ಲಿ. ನಮ್ಮ ಮಾರ್ಟಳ್ಳಿಯು ಹನೂರು ಸೀಮೆಯ ಗಡಿಯ ಊರು. ಮಲೆಯ ಮಹದೇಶ್ವರನ ಬೆಟ್ಟಕ್ಕೆ ಸಮೀಪ. ಕನ್ನಡ, ತಮಿಳು ಎರಡೂ ಇಲ್ಲಿ ಮನೆಮಾತು. ಈ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆಯನ್ನು ಹಿಡಿದು ಮಾದಪ್ಪನ ಕಥೆಯನ್ನು ಹಾಡುತ್ತಾರೆ. ನೀಲಗಾರರು ತಂಬೂರಿಯನ್ನು ಮೀಟಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುತ್ತಾರೆ. ಹೆಬ್ಬಣಿ ಮಾದಯ್ಯನವರೂ ಸಂಗಡಿಗರೂ ಹಾಡಿದ ‘ಮಲೆ ಮಾದೇಶ್ವರ’ವನ್ನು ಕೆ. ಕೇಶವನ್ ಪ್ರಸಾದರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಅದರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿಯು ಹೊರತಂದಿತು. ಇದು ಸ್ತುತ್ಯವಾದ ಕಾರ್ಯವೇ. ಆದರೂ ಅಕ್ಷರದಲ್ಲಿ ಪದವು ನಿಲ್ಲುವುದಲ್ಲದೆ ಕಂಠವು ನಿಲ್ಲದು. ಹಿಮ್ಮೇಳದವರು ಸೊಲ್ಲೆತ್ತುವ ಬಗೆ, ಕಂಚಿನ ತಾಳವು ಒಮ್ಮೆ ಮೆಲ್ಲಗೆ ಒಮ್ಮೆ ಬಿರುಸಾಗಿ ಕೂಡುವ ಬಗೆ, ಇವು ಪುಟದ ಮೇಲೆ ಬಾರವು.

ಇಂಥ ಹಾಡುಗಳೂ, ಮದುವೆಯ ಮನೆಯ ಸೋಬಾನೆಯೂ, ಭಜನೆಯ ಮೇಳವೂ, ಇಗರ್ಜಿಯ ಹಬ್ಬದ ಕೀರ್ತನೆಗಳೂ, ಅಜ್ಜಿಯ ಜೋಗುಳವೂ ಯಾರದೋ ಟು-ಇನ್-ವನ್ನಿನ ಮುಂದೆ ಹಾಡಲ್ಪಟ್ಟು ಎಷ್ಟೋ ಮನೆಗಳ ಕ್ಯಾಸೆಟ್ಟುಗಳಲ್ಲಿ ಸೇರಿವೆ. ರಾತ್ರಿಯೆಲ್ಲ ನಡೆಯುವ ಕಥೆಯಲ್ಲಿ ಮೂವತ್ತು ನಿಮಿಷದ ತುಂಡು. ಆಚೆಯ ಮಗ್ಗುಲಿಗೆ ಮತ್ತೊಬ್ಬರ ಹಾಡು. ಮಧ್ಯೆ ಮಗುವಿನ ಅಳು, ಕೋಳಿಯ ಕೂಗು. ಇವು ಕೂಡ ಸಂಕಲನಗಳೇ. ಲಂಡನ್ನಿನ ತರುಣನ ಆಶಯವೂ ನಮ್ಮ ಗೃಹಸ್ಥನ ಆಶಯವೂ ಬೇರೆಬೇರೆ. ಉಪಾಯವು ಮಾತ್ರ ಒಂದೇ. ಅವನು ಹೆಸರುಗಳನ್ನು ಹೊದಿಕೆಯ ಮೇಲೆ ಬರೆದನು. ನಮ್ಮವರು ಬಹುಮಟ್ಟಿಗೆ ಬರೆಯಲಿಲ್ಲ. ಆ ಹಾಡುಗಳನ್ನು ಅಭಿಮಾನಿಗಳು ಇಂದು ಹುಡುಕಿ ಪುನಃ ಪ್ರಕಟಿಸುತ್ತಿರುವಾಗ, ನಮ್ಮವು ಅಟ್ಟದ ಮೇಲಣ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತಿರುವುದಕ್ಕೆ ಇದೂ ಒಂದು ಕಾರಣವು.

ನಲವತ್ತು ವರ್ಷಗಳಾದ ಪಟ್ಟಿಗೆ ಶೆಖೆಯೂ ತೇವವೂ ಶತ್ರುಗಳು. ಆದುದರಿಂದ ಗೃಹಸ್ಥರು ಮಾಡತಕ್ಕುದನ್ನು ಹೇಳುತ್ತೇನೆ. ಮೊದಲನೆಯದಾಗಿ, ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಬೇಕು. ಆಮೇಲೆ ಅದರ ಮೇಲೆ ಯಾರೂ ತಿಳಿಯದೆ ಬೇರೊಂದನ್ನು ತುಂಬಲಾರರು. ಎರಡನೆಯದಾಗಿ, ಪಟ್ಟಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಬೇಕು. ಮೂರನೆಯದಾಗಿ, ಯಂತ್ರದ ಹೆಡ್ಡನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ, ಪಟ್ಟಿಯನ್ನು ಕೊನೆಯವರೆಗೆ ಒಮ್ಮೆ ಸುತ್ತಿ ಹಿಂದಕ್ಕೆ ತಂದು, ಅನಂತರವೇ ಹಾಡಿಸಬೇಕು. ನಾಲ್ಕನೆಯದಾಗಿ, ಯಂತ್ರದಿಂದ ಕಂಪ್ಯೂಟರಿಗೆ ತಂತಿಯನ್ನು ಜೋಡಿಸಿ ಧ್ವನಿಯನ್ನು ಇಳಿಸಿಕೊಂಡು, ಎರಡು ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ ಇಡಬೇಕು. ಮನೆಯ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲರು. ಹಾಡಿದವರಾಗಲಿ ಅವರ ಮನೆಯವರಾಗಲಿ ಒಪ್ಪದೆ ಅದನ್ನು ಊರಿಗೆಲ್ಲ ಹಂಚತಕ್ಕುದಲ್ಲ. ಒಂದು ಪ್ರತಿಯನ್ನು ಮೊದಲು ಅವರಿಗೇ ಕೊಡುವುದು ಧರ್ಮವು.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯದು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಪಟ್ಟಿಯು ಇನ್ನೂ ಕೆಲವು ವರ್ಷ ಬಾಳಿದರೂ ಬಾಳೀತು. ಈ ಧ್ವನಿ ಇಂಥವರದೆಂದು ಕೇಳಿದೊಡನೆ ಹೇಳಬಲ್ಲ ಹಿರಿಯರು ಅಷ್ಟು ಕಾಲ ನಮ್ಮೊಡನಿರುವರೆಂಬ ಭರವಸೆಯಿಲ್ಲ. ಅವರು ಇರುವಾಗಲೇ ಅಟ್ಟದ ಡಬ್ಬಿಯನ್ನು ಕೆಳಗಿಳಿಸಿ, ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದೊಂದನ್ನಾಗಿ ಹಾಡಿಸಿ, ಅವರು ಹೇಳುವ ಹೆಸರನ್ನು ಬರೆದುಕೊಳ್ಳಿರಿ.